ಮನೆಯಲ್ಲೇ ಫ್ರೆಂಚ್ ಟಾರ್ಟ್: ಸಿಹಿ, ಖಾರ ಎರಡರ ಬಗ್ಗೆಯೂ ಪದೇ ಪದೇ ಕೇಳುವ ಪ್ರಶ್ನೆಗಳು

ಟಾರ್ಟ್ ಎಂದರೆ ಏನು? ಪೈ ಮತ್ತು ಟಾರ್ಟ್ ಒಂದೇ ಅಲ್ಲವೇ?

ಅಲ್ಲ. ಪೈಗೆ ಸಾಮಾನ್ಯವಾಗಿ ಮೇಲೊಂದು ಹಿಟ್ಟಿನ ಮುಚ್ಚಳ ಇರುತ್ತದೆ. ಫ್ರೆಂಚರ 'ತಾರ್ತ್' ತೆರೆದ ತಟ್ಟೆಯಂತೆ: ಎರಡು-ಮೂರು ಸೆಂ.ಮೀ. ಎತ್ತರದ ಅಂಚು, ತೆಳ್ಳಗಿನ ಗರಿ ತಳ, ಅದರೊಳಗೆ ಹಣ್ಣೋ ಕೆನೆಯೋ ಈರುಳ್ಳಿಯೋ. ಹೂರಣ ಕಣ್ಣಿಗೆ ಬೀಳುತ್ತದೆ, ನಿಜ. ಆದರೆ ಮನೆಯಲ್ಲಿ ಮಾಡುವ ಟಾರ್ಟ್ ಕೆಡುವುದು ಹೆಚ್ಚಾಗಿ ತಳದಲ್ಲಿ. ಅದಕ್ಕೇ ಈ ಪುಟದ ಅರ್ಧ ಭಾಗ ಹಿಟ್ಟಿನ ಬಗ್ಗೆಯೇ ಇದೆ.

ಯಾವ ಟಾರ್ಟ್‌ಗೆ ಯಾವ ಹಿಟ್ಟು?

ಮನೆ ಅಡುಗೆಗೆ ಎರಡು ಹಿಟ್ಟು ಕಲಿತರೆ ಸಾಕು. ಪಾತ್ ಬ್ರಿಸೇ ಎಂಬುದು ಮೈದಾ, ಬೆಣ್ಣೆ, ಉಪ್ಪು, ನೀರಿನ ಸರಳ ಹಿಟ್ಟು. ಖಾರದ ಟಾರ್ಟ್‌ಗಳಿಗೂ, ಸೇಬಿನಂಥ ಹಣ್ಣನ್ನು ತಳದ ಜೊತೆಗೇ ಬೇಯಿಸುವ ಟಾರ್ಟ್‌ಗಳಿಗೂ ಇದೇ. ಪಾತ್ ಸುಕ್ರೇ ಎಂಬುದು ಸಕ್ಕರೆ, ಮೊಟ್ಟೆ ಸೇರಿದ ಬಿಸ್ಕತ್ತಿನಂಥ ಹಿಟ್ಟು. ನಿಂಬೆ ಟಾರ್ಟ್, ಹಸಿ ಹಣ್ಣು ಜೋಡಿಸುವ ಟಾರ್ಟ್‌ಗಳಿಗೆ ಅದು. ಪಾತ್ ಸಾಬ್ಲೇ ಇನ್ನೂ ಪುಡಿಪುಡಿಯಾದದ್ದು. ಪದರ ಪದರವಾದ ಪಾತ್ ಫೆಯೆತೇಯನ್ನು ಫ್ರಾನ್ಸಿನಲ್ಲೂ ಅನೇಕರು ಅಂಗಡಿಯಿಂದಲೇ ತರುತ್ತಾರೆ. ನೀವೂ ತನ್ನಿ, ಸಂಕೋಚ ಬೇಡ.

ಪಾತ್ ಬ್ರಿಸೇ ಅಳತೆ ಮತ್ತು ಕ್ರಮ?

24 ಸೆಂ.ಮೀ. ಅಚ್ಚಿಗೆ: ಮೈದಾ 200 ಗ್ರಾಂ, ತಣ್ಣಗಿನ ಉಪ್ಪಿಲ್ಲದ ಬೆಣ್ಣೆ 100 ಗ್ರಾಂ, ಉಪ್ಪು 4 ಗ್ರಾಂ, ಫ್ರಿಜ್ಜಿನ ನೀರು 45ರಿಂದ 55 ಮಿ.ಲೀ. ಹಿಟ್ಟಿಗೆ ಅರ್ಧದಷ್ಟು ಬೆಣ್ಣೆ ಎಂದು ನೆನಪಿಟ್ಟುಕೊಂಡರೆ ಸಾಕು.

ಬೆಣ್ಣೆಯನ್ನು ಒಂದು ಸೆಂ.ಮೀ. ತುಂಡು ಮಾಡಿ, ಉಪ್ಪು ಬೆರೆಸಿದ ಮೈದಾಕ್ಕೆ ಹಾಕಿ, ಬೆರಳ ತುದಿಯಲ್ಲಿ ಉಜ್ಜಿ. ಕೋಡುಬಳೆ, ನಿಪ್ಪಟ್ಟು ಮಾಡುವವರಿಗೆ ಇದು ಹೊಸದಲ್ಲ. ಹಿಟ್ಟಿಗೆ ಜಿಡ್ಡು ಹಾಕಿ ಉಜ್ಜಿ, ಮುಷ್ಟಿ ಕಟ್ಟಿದರೆ ಉಂಡೆಯಾಗಿ ನಿಲ್ಲುತ್ತದೆಯೇ ಎಂದು ನೋಡುತ್ತೀರಲ್ಲ, ಅದೇ ಪರೀಕ್ಷೆ ಇಲ್ಲೂ ನಡೆಯುತ್ತದೆ. ಎರಡು ಕಡೆಯೂ ಕಾರಣ ಒಂದೇ: ಹಿಟ್ಟಿನ ಕಣಕ್ಕೆ ಜಿಡ್ಡು ಸವರಿಕೊಂಡರೆ ನೀರು ಸುಲಭಕ್ಕೆ ಒಳಗಿಳಿಯುವುದಿಲ್ಲ, ಜಿಗುಟು ಕಟ್ಟುವುದಿಲ್ಲ, ಬೆಂದಾಗ ಗರಿಗರಿ. ವ್ಯತ್ಯಾಸ ಇಷ್ಟೇ, ನಿಪ್ಪಟ್ಟಿಗೆ ಕಾದ ಎಣ್ಣೆ, ಇಲ್ಲಿ ತಣ್ಣಗಿನ ಬೆಣ್ಣೆ. ಒರಟು ರವೆಯಂತಾಗಿ, ನಡುವೆ ಅಲ್ಲಲ್ಲಿ ತೊಗರಿಬೇಳೆ ಗಾತ್ರದ ಬೆಣ್ಣೆ ಚೂರು ಉಳಿದಿದ್ದರೆ ನಿಲ್ಲಿಸಿ. ಆ ಚೂರುಗಳಲ್ಲಿರುವ ನೀರು ಓವನ್ನಿನಲ್ಲಿ ಆವಿಯಾಗಿ ಹಿಟ್ಟನ್ನು ಸಣ್ಣ ಸಣ್ಣ ಎಸಳಾಗಿ ಬಿಡಿಸುತ್ತದೆ.

ಈಗ 45 ಮಿ.ಲೀ. ನೀರನ್ನು ಒಟ್ಟಿಗೇ ಚಿಮುಕಿಸಿ, ಫೋರ್ಕಿನಲ್ಲಿ ಕಲಸಿ. ಒಣಹಿಟ್ಟು ಉಳಿದರೆ ಮಾತ್ರ ಇನ್ನೊಂದು ಚಮಚ ಹಾಕಿ. ಕಲ್ಲಿನ ಮೇಲೆ ಸುರಿದು ಅಂಗೈಯ ಬುಡದಿಂದ ಒಮ್ಮೆ ಮುಂದಕ್ಕೆ ತೀಡಿ, ಒಟ್ಟುಮಾಡಿ, ಇನ್ನೊಮ್ಮೆ ತೀಡಿ. ಫ್ರೆಂಚರು ಇದನ್ನು ಫ್ರೇಜಾಜ್ ಎನ್ನುತ್ತಾರೆ. ಎರಡೇ ಸಲ. ಹೋಳಿಗೆಯ ಕಣಕ ನಾದಿದಷ್ಟೂ ಎಳೆಬರುತ್ತದೆ, ಅಲ್ಲಿ ಬೇಕಾದದ್ದೇ ಆ ಎಳೆ. ಬ್ರಿಸೇಗೆ ಅದೇ ಶತ್ರು. ಎರಡು ಸೆಂ.ಮೀ. ದಪ್ಪದ ಬಿಲ್ಲೆ ತಟ್ಟಿ, ಮುಚ್ಚಿ, ಫ್ರಿಜ್ಜಿನಲ್ಲಿ ಕನಿಷ್ಠ ಒಂದು ಗಂಟೆ ಇಡಿ. ಉಂಡೆ ಕಟ್ಟಿ ಇಟ್ಟರೆ ಒಳಗೆ ತಣ್ಣಗಾಗಲು ಹೆಚ್ಚು ಹೊತ್ತು ಬೇಕು, ಲಟ್ಟಿಸುವಾಗ ಅಂಚೂ ಸೀಳುತ್ತದೆ.

ನಮ್ಮ ಅಂಗಡಿಯ ಮೈದಾ, ಬೆಣ್ಣೆ, ಕೆನೆ ನಡೆಯುತ್ತದೆಯೇ?

ಮೈದಾ ಚೆನ್ನಾಗಿಯೇ ನಡೆಯುತ್ತದೆ. ಬೆಣ್ಣೆಯಲ್ಲಿ ಸ್ವಲ್ಪ ಎಚ್ಚರ ಬೇಕು. ಫ್ರಾನ್ಸಿನ ಬೆಣ್ಣೆಯಲ್ಲಿ ಕನಿಷ್ಠ ಶೇ. 82 ಕೊಬ್ಬು ಇರಬೇಕು, ನಮ್ಮ ಟೇಬಲ್ ಬಟರ್‌ನ ಕನಿಷ್ಠ ಮಟ್ಟ ಶೇ. 80. ಅಷ್ಟು ವ್ಯತ್ಯಾಸಕ್ಕೆ ನೀರನ್ನು ಒಂದು ಚಮಚ ತಗ್ಗಿಸಿದರಾಯಿತು. ಉಪ್ಪಿನ ಬೆಣ್ಣೆಯೇ ಇದ್ದರೆ ಬೇರೆ ಉಪ್ಪು ಹಾಕಬೇಡಿ. ಮನೆಯಲ್ಲಿ ಕಡೆದ ಬೆಣ್ಣೆಯ ರುಚಿ ಬಲು ಚೆನ್ನ, ಆದರೆ ಅದರಲ್ಲಿ ಎಷ್ಟು ನೀರಿದೆ ಎಂದು ಹೇಳಲಾಗದು. ತಣ್ಣಗಿರುವಾಗಲೇ ಮರದ ಸೌಟಿನಿಂದ ಒತ್ತಿ ಒತ್ತಿ ನೀರು ಬಸಿದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಗಟ್ಟಿಮಾಡಿ ಬಳಸಿ. ಬೆಣ್ಣೆಯ ಬದಲಿಗೆ ತುಪ್ಪ ಬೇಡ. ಅದರಲ್ಲಿ ನೀರಿನಂಶವೇ ಇಲ್ಲದ ಕಾರಣ ಎಸಳು ಬಿಡುವುದಿಲ್ಲ, ತಳ ಮರಳಿನಂತೆ ಉದುರುತ್ತದೆ.

ಕೆನೆಯಲ್ಲಿ ವ್ಯತ್ಯಾಸ ದೊಡ್ಡದು. ಫ್ರೆಂಚ್ ಪಾಕವಿಧಾನಗಳು ಹೇಳುವ ಪೂರ್ಣ ಕೆನೆಯಲ್ಲಿ ಕನಿಷ್ಠ ಶೇ. 30 ಕೊಬ್ಬಿದೆ. ನಮ್ಮ ಡಬ್ಬಿಯ ಫ್ರೆಶ್ ಕ್ರೀಮ್ ಸಾಮಾನ್ಯವಾಗಿ ಶೇ. 20ರಿಂದ 25. ಅದನ್ನು ಬಳಸುವಾಗ ಮತ್ತೆ ಹಾಲು ಬೆರೆಸಬೇಡಿ, ಮೊಟ್ಟೆಯ ಒಂದು ಹಳದಿ ಹೆಚ್ಚಿಗೆ ಹಾಕಿ. ಇನ್ನು ಫ್ರೆಂಚರ ಹುಳಿಗೆನೆ, ಅಂದರೆ ಕ್ರೆಮ್ ಫ್ರೆಶ್, ಬೇರೆ ಲೋಕದ್ದೇನಲ್ಲ. ಬೆಣ್ಣೆ ಕಡೆಯಲೆಂದು ಕೆನೆಗೆ ಹೆಪ್ಪು ಹಾಕಿ ಕೂಡಿಡುತ್ತೇವಲ್ಲ, ಅದರ ಹತ್ತಿರದ ಸಂಬಂಧಿ. 250 ಮಿ.ಲೀ. ಕೆನೆಗೆ ಒಂದು ಚಮಚ ಮೊಸರು ಕಲಸಿ, ಹೆಪ್ಪುಗಟ್ಟುವವರೆಗೆ ಹೊರಗಿಟ್ಟು, ಆಮೇಲೆ ಫ್ರಿಜ್ಜಿಗೆ ಸೇರಿಸಿದರೆ ಕೆಲಸಕ್ಕೆ ಸಾಕಾಗುವಷ್ಟು ಹುಳಿ, ದಪ್ಪ ಎರಡೂ ಬರುತ್ತವೆ.

ಏಪ್ರಿಲ್-ಮೇ ಸೆಕೆಯಲ್ಲಿ ಬೆಣ್ಣೆ ಕೈಯಲ್ಲೇ ಕರಗುತ್ತದೆ. ಏನು ಮಾಡುವುದು?

ಬೆಳಗಿನ ಜಾವ ಮಾಡಿ. ಮೈದಾ, ಪಾತ್ರೆ, ಲಟ್ಟಣಿಗೆ ಮೂರನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಗಟ್ಟಿ ಬೆಣ್ಣೆಯನ್ನು ಒರಟಾಗಿ ತುರಿದು ಹಿಟ್ಟಿಗೆ ಬೆರೆಸಿದರೆ ಕೈ ತಾಗುವ ಹೊತ್ತು ಅರ್ಧ ಉಳಿಯುತ್ತದೆ. ಮಿಕ್ಸಿಯಲ್ಲಾದರೆ ಚಿಕ್ಕ ಚಿಕ್ಕ ಪಲ್ಸ್ ಕೊಡಿ, ಎಂಟು-ಹತ್ತು ಸಾಕು. ಲಟ್ಟಿಸುವುದು ಎರಡು ಬಟರ್ ಪೇಪರ್ ನಡುವೆ: ಅಂಟುವುದಿಲ್ಲ, ಒಣಹಿಟ್ಟು ಹೆಚ್ಚಾಗುವುದಿಲ್ಲ, ಮೆತ್ತಗಾಯಿತು ಅನ್ನಿಸಿದರೆ ಪೇಪರ್ ಸಮೇತ ಹತ್ತು ನಿಮಿಷ ಫ್ರಿಜ್ಜಿಗೆ ಸೇರಿಸಬಹುದು. ಹಿಟ್ಟು ಎಣ್ಣೆ ಎಣ್ಣೆಯಾಗಿ ಹೊಳೆಯತೊಡಗಿದರೆ ಬೆಣ್ಣೆ ಕರಗಿದೆ ಎಂದೇ ಅರ್ಥ. ಆಗ ಒಣಹಿಟ್ಟು ಉದುರಿಸಿ ಸರಿಮಾಡಲು ಹೋಗಬೇಡಿ, ತಣ್ಣಗೆ ಮಾಡಿ.

ಬೇಯುವಾಗ ಅಂಚು ಕುಸಿದು ಕುಗ್ಗುತ್ತದೆ, ಏಕೆ?

ಮೂರು ಕಾರಣ. ಹಿಟ್ಟು ಹೆಚ್ಚು ನಾದಿದ್ದೀರಿ, ನೀರು ಹೆಚ್ಚಾಗಿದೆ, ಅಥವಾ ಅಚ್ಚಿಗೆ ಹಾಸುವಾಗ ಎಳೆದಿದ್ದೀರಿ. ಮೂರನೆಯದೇ ಹೆಚ್ಚು. ಎಳೆದ ಹಿಟ್ಟು ಬಿಸಿಗೆ ತನ್ನ ಜಾಗಕ್ಕೆ ಹಿಂತಿರುಗುತ್ತದೆ. ಅಚ್ಚಿಗಿಂತ 6-7 ಸೆಂ.ಮೀ. ಅಗಲವಾಗಿ, 3 ಮಿ.ಮೀ. ದಪ್ಪಕ್ಕೆ ಲಟ್ಟಿಸಿ, ಲಟ್ಟಣಿಗೆಗೆ ಸುತ್ತಿಕೊಂಡು ಅಚ್ಚಿನ ಮೇಲೆ ಸಡಿಲವಾಗಿ ಬಿಡಿಸಿ. ಅಂಚನ್ನು ಒಂದು ಕೈಯಲ್ಲಿ ಮೇಲೆತ್ತಿ ಹಿಡಿದು, ಇನ್ನೊಂದು ಕೈಯಿಂದ ಮೂಲೆಗೆ ಇಳಿಬಿಡಿ. ಬೆರಳಿನಿಂದ ಒತ್ತಿ ಹಿಗ್ಗಿಸಬೇಡಿ. ಹಾಸಿದ ಮೇಲೆ ಮತ್ತೆ ಅರ್ಧ ಗಂಟೆ ಫ್ರಿಜ್ಜು. ಈ ಎರಡನೆಯ ವಿಶ್ರಾಂತಿಯನ್ನು ಬಿಟ್ಟವರ ಅಂಚೇ ಕುಸಿಯುವುದು.

ಕತ್ತರಿಸಿ ಉಳಿದ ಚೂರನ್ನು ಎಸೆಯದೆ ಇಟ್ಟುಕೊಳ್ಳಿ. ಖಾಲಿ ತಳ ಬೆಂದಾಗ ಬಿರುಕು ಕಂಡರೆ ಅದರಿಂದಲೇ ತೇಪೆ ಹಾಕಬೇಕು.

ತಳ ಹಸಿಹಸಿಯಾಗಿ, ಮೆತ್ತಗೆ ಉಳಿಯುತ್ತದೆ. ಎಷ್ಟು ಸಲ ಮಾಡಿದರೂ ಅಷ್ಟೇ!

ಎಲ್ಲಕ್ಕಿಂತ ಹೆಚ್ಚು ಬರುವ ದೂರು ಇದು. ನೀರುನೀರಾದ ಹೂರಣವನ್ನು ಹಸಿ ಹಿಟ್ಟಿಗೆ ಸುರಿದರೆ ತಳ ಬೇಯುವ ಮೊದಲೇ ನೀರು ಕುಡಿದಿರುತ್ತದೆ, ಆಮೇಲೆ ಎಷ್ಟು ಹೊತ್ತು ಇಟ್ಟರೂ ಗರಿಯಾಗದು. ಆದ್ದರಿಂದ ಕೆನೆ-ಮೊಟ್ಟೆ ಸುರಿಯುವ ಯಾವ ಟಾರ್ಟ್‌ಗಾದರೂ ತಳವನ್ನು ಮೊದಲು ಖಾಲಿಯಾಗಿಯೇ ಬೇಯಿಸಿ.

ಓವನ್ ಪೂರ್ತಿ 20 ನಿಮಿಷ 190 ಡಿಗ್ರಿಗೆ ಕಾಯಲಿ. ತಣ್ಣಗಿರುವ ತಳಕ್ಕೆ ಫೋರ್ಕಿನಿಂದ ಚುಚ್ಚಿ. ಬಟರ್ ಪೇಪರನ್ನು ಮುದುಡಿ ಬಿಡಿಸಿ (ಆಗ ಮೂಲೆಗೆ ಸರಿಯಾಗಿ ಕೂರುತ್ತದೆ) ಹಾಸಿ, ಅಂಚಿನವರೆಗೂ ಕಡಲೆಯನ್ನೋ ಅಕ್ಕಿಯನ್ನೋ ತುಂಬಿ. ತಳದಲ್ಲಿ ಒಂದು ಹಿಡಿ ಹರವಿದರೆ ಸಾಲದು, ಅಂಚಿಗೆ ಆನಿಕೆ ಬೇಕು. 700-800 ಗ್ರಾಂ ಹಿಡಿಯುತ್ತದೆ. ಆ ಕಾಳು ಆಮೇಲೆ ಸಾರಿಗೆ ಬಾರದು, ಒಂದು ಡಬ್ಬಿಯಲ್ಲಿಟ್ಟರೆ ವರ್ಷಗಟ್ಟಲೆ ಇದೇ ಕೆಲಸಕ್ಕೆ ಆಗುತ್ತದೆ. 20 ನಿಮಿಷ ಬೇಯಿಸಿ, ಕಾಳು ಮತ್ತು ಪೇಪರ್ ತೆಗೆದು, ಮತ್ತೆ 8ರಿಂದ 12 ನಿಮಿಷ ಬೇಯಿಸಿ. ಅನೇಕರು ಇಲ್ಲೇ ಅವಸರಪಡುತ್ತಾರೆ. ತಳ ಬಿಳಿಚಿಕೊಂಡು, ಅಲ್ಲಲ್ಲಿ ಎಣ್ಣೆ ಕಲೆಯಂತೆ ಮಾಸಲಾಗಿ ಕಂಡರೆ ಅದು ಇನ್ನೂ ಹಸಿ. ಗೋಧಿಯ ಬಣ್ಣ ಬಂದು, ಮೇಲ್ಮೈ ಒಣಗಿ, ಉಗುರಿನಿಂದ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಕೊನೆಗೆ ಕಲಕಿದ ಮೊಟ್ಟೆಯನ್ನು ತೆಳ್ಳಗೆ ಸವರಿ ಎರಡು ನಿಮಿಷ ಒಣಗಿಸಿದರೆ ಚುಚ್ಚಿದ ತೂತು ಮುಚ್ಚಿ, ತಳಕ್ಕೆ ಒಂದು ಪೊರೆ ಬರುತ್ತದೆ.

ಪಾತ್ರೆಯೂ ಮುಖ್ಯ. ಬುಡ ಬಿಚ್ಚುವ, ಗಾಢ ಬಣ್ಣದ ಲೋಹದ ಅಚ್ಚು ಎಲ್ಲಕ್ಕಿಂತ ಒಳ್ಳೆಯದು. ಪಿಂಗಾಣಿ ತಟ್ಟೆ ನೋಡಲು ಚಂದ, ಆದರೆ ನಿಧಾನ ಕಾಯುವುದರಿಂದ ತಳ ಬಿಳಿಯಾಗೇ ಉಳಿಯುತ್ತದೆ. ಓಟಿಜಿಯಲ್ಲಿ (ಓವನ್-ಟೋಸ್ಟರ್-ಗ್ರಿಲ್) ಟ್ರೇಯನ್ನು ಕೆಳಗಿನ ಸಾಲಿನಲ್ಲಿ ಖಾಲಿ ಕಾಯಿಸಿ, ಆ ಬಿಸಿ ಟ್ರೇ ಮೇಲೆ ಅಚ್ಚನ್ನಿಡಿ. ಮೈಕ್ರೋವೇವ್ ಓವನ್ನಾದರೆ ಕನ್ವೆಕ್ಷನ್ ಮೋಡ್‌ನಲ್ಲಿ ಮಾತ್ರ, ಅದೂ ಕೈಪಿಡಿಯಲ್ಲಿ ಲೋಹಕ್ಕೆ ಅನುಮತಿ ಇದ್ದರೆ ಮಾತ್ರ. ಅಲ್ಲಿ ಬುಡದಿಂದ ಶಾಖ ಕಡಿಮೆ, ಖಾಲಿ ಬೇಯಿಸುವ ಎರಡನೆಯ ಹಂತಕ್ಕೆ ಐದಾರು ನಿಮಿಷ ಹೆಚ್ಚು ಕೊಡಿ.

ಅಸಲಿ ಕೀಶ್ ಲೊರೇನ್‌ನಲ್ಲಿ ಚೀಸ್ ಇರುತ್ತದೆಯೇ?

ಇರುವುದಿಲ್ಲ. ಕೀಶ್ ಎಂಬ ಈ ಖಾರದ ಟಾರ್ಟ್ ಈಶಾನ್ಯ ಫ್ರಾನ್ಸಿನ ಲೊರೇನ್ ಪ್ರಾಂತದ್ದು. ಹೆಸರಿನ ಮೂಲ ಕೇಕ್ ಎಂಬರ್ಥದ ಜರ್ಮನ್ 'ಕೂಖೆನ್'ನ ಕಡೆಗೆ ಹೋಗುತ್ತದೆ. ಸಾಂಪ್ರದಾಯಿಕ ಕೀಶ್‌ನಲ್ಲಿ ಮೊಟ್ಟೆ, ಕೆನೆ, ಹಂದಿಮಾಂಸದ ಸಣ್ಣ ತುಂಡುಗಳು, ಅಷ್ಟೇ. ಮೊಟ್ಟೆ-ಕೆನೆಯ ಮಿಶ್ರಣಕ್ಕೆ ಅಲ್ಲಿನವರು 'ಮಿಗೇನ್' ಎನ್ನುತ್ತಾರೆ. ಗ್ರುಯೇರ್ ಚೀಸಿನ ತುರಿ ಆಮೇಲೆ ಸೇರಿದ ರೂಢಿ. ಹಾಕಿದರೆ ರುಚಿಗೆ ಕೆಡುಕಿಲ್ಲ, ಆದರೆ ಕೆನೆಯ ನವಿರು ಹೋಗುತ್ತದೆ. ಮೊದಲ ಸಲ ಚೀಸ್ ಇಲ್ಲದೆಯೇ ಮಾಡಿ ನೋಡಿ.

24 ಸೆಂ.ಮೀ. ಅಚ್ಚಿಗೆ: 3 ಇಡೀ ಮೊಟ್ಟೆ, 1 ಹಳದಿ, 350 ಮಿ.ಲೀ. ಕೆನೆ, ಬೇಕನ್ ತುಂಡು 150 ಗ್ರಾಂ, ಕಾಳುಮೆಣಸಿನ ಪುಡಿ, ಚಿಟಿಕೆ ಜಾಯಿಕಾಯಿ. ಮಾಂಸದಲ್ಲೇ ಉಪ್ಪಿರುವುದರಿಂದ ಮತ್ತೆ ಹಾಕುವಾಗ ಚಿಟಿಕೆಯಷ್ಟೇ. ತುಂಡುಗಳನ್ನು ಹುರಿದು ಜಿಡ್ಡು ಬಸಿದು ತಳದಲ್ಲಿ ಹರವಿ, ಮಿಗೇನ್ ಸುರಿದು 170 ಡಿಗ್ರಿಯಲ್ಲಿ 30-35 ನಿಮಿಷ. ನೊರೆ ಬರುವಂತೆ ಕಡೆಯಬೇಡಿ, ಕಲಕಿದರೆ ಸಾಕು. ಗಾಳಿ ತುಂಬಿದರೆ ಓವನ್ನಿನಲ್ಲಿ ಉಬ್ಬಿ, ಹೊರಗೆ ಬಂದೊಡನೆ ಕುಸಿಯುತ್ತದೆ.

ಕೀಶ್ ಕತ್ತರಿಸಿದರೆ ನೀರು ಬಿಡುತ್ತದೆ, ಒಳಗೆ ತೂತುತೂತು. ತಪ್ಪೆಲ್ಲಿ?

ಹೆಚ್ಚು ಬೆಂದಿದೆ. ಮೊಟ್ಟೆ-ಕೆನೆ ಸುಮಾರು 80 ಡಿಗ್ರಿಗೆ ಚೆನ್ನಾಗಿ ಹೆಪ್ಪುಗಟ್ಟುತ್ತದೆ. ಅದಕ್ಕಿಂತ ಬಹಳ ಮೇಲೆ ಹೋದರೆ ಮೊಟ್ಟೆಯ ಪ್ರೋಟೀನು ಬಿಗಿದು ನೀರನ್ನು ಹಿಂಡಿ ಹೊರಹಾಕುತ್ತದೆ. ಅಂಚು ಗಟ್ಟಿಯಾಗಿ, ನಡುವೆ ಅಂಗೈ ಅಗಲ ಮಾತ್ರ ಗಟ್ಟಿ ಮೊಸರಿನಂತೆ ಅಲುಗುವಾಗಲೇ ತೆಗೆಯಿರಿ. ಉಳಿದದ್ದು ತನ್ನ ಬಿಸಿಗೇ ಬೇಯುತ್ತದೆ. 20 ನಿಮಿಷ ಆರದೆ ಚಾಕು ಹಾಕಬೇಡಿ.

ನೀರು ತರಕಾರಿಯಿಂದಲೂ ಬರಬಹುದು. ಅಣಬೆ, ಪಾಲಕ್, ಕುಂಬಳ ಯಾವುದನ್ನೇ ಆಗಲಿ ಮೊದಲು ಬಾಡಿಸಿ, ನೀರು ಇಂಗಿಸಿ, ಆರಿಸಿ ಹಾಕಿ.

ಮಾಂಸ ತಿನ್ನುವುದಿಲ್ಲ. ಖಾರದ ಟಾರ್ಟ್‌ಗಳಲ್ಲಿ ಸಾಂಪ್ರದಾಯಿಕವಾದವು ಯಾವುವು?

ಬೇಕಾದಷ್ಟಿವೆ. ಉತ್ತರದ ಪಿಕಾರ್ದಿಯ ಫ್ಲಾಮಿಶ್‌ಗೆ ಈರುಳ್ಳಿ ಜಾತಿಯ ತರಕಾರಿ ಲೀಕ್ ಬೇಕು. ಒಂದು ಕಿಲೋ ಲೀಕ್‌ನ ಬಿಳಿ ಭಾಗವನ್ನು ಹೆಚ್ಚಿ, 50 ಗ್ರಾಂ ಬೆಣ್ಣೆಯಲ್ಲಿ, ಮುಚ್ಚಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬಣ್ಣ ತಿರುಗದಂತೆ ಬೇಯಿಸಿ, ಕೆನೆ-ಹಳದಿ ಸೇರಿಸಿ ಬೇಯಿಸುತ್ತಾರೆ. ಎಸಳುಗಳ ನಡುವೆ ಮಣ್ಣು ಕೂತಿರುತ್ತದೆ, ಉದ್ದಕ್ಕೆ ಸೀಳಿ ತೊಳೆಯಿರಿ. ಅಲ್ಸಾಸ್‌ನ ಈರುಳ್ಳಿ ಟಾರ್ಟ್ ಕೂಡ ಇದೇ ದಾರಿಯದು.

ಮನೆಮನೆಯ ಟೊಮೆಟೊ ಟಾರ್ಟ್‌ಗೆ ಮೊಟ್ಟೆಯೂ ಬೇಡ. ಖಾಲಿ ಬೇಯಿಸಿದ ಬ್ರಿಸೇ ತಳಕ್ಕೆ ಎರಡು ದೊಡ್ಡ ಚಮಚ ದಿಜೋನ್ ಸಾಸಿವೆ ಪೇಸ್ಟ್ ಸವರಿ, 80 ಗ್ರಾಂ ತುರಿದ ಚೀಸ್ ಉದುರಿಸಿ, ಮೇಲೆ ಬಿಲ್ಲೆ ಹೆಚ್ಚಿದ ಟೊಮೆಟೊ ಜೋಡಿಸಿ, ಎಣ್ಣೆ ಚಿಮುಕಿಸಿ, 190 ಡಿಗ್ರಿಯಲ್ಲಿ 30 ನಿಮಿಷ. ಬಿಲ್ಲೆಗಳಿಗೆ ಉಪ್ಪು ಸವರಿ ಅರ್ಧ ಗಂಟೆ ಜರಡಿಯಲ್ಲಿಟ್ಟು, ಬಟ್ಟೆಯಲ್ಲಿ ಒತ್ತಿದ ಮೇಲಷ್ಟೇ ಜೋಡಿಸಿ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಗಮನಿಸಬೇಕಾದದ್ದು: ಸಾಂಪ್ರದಾಯಿಕ ಗ್ರುಯೇರ್, ಕೊಂತೇ ಚೀಸ್‌ಗಳಿಗೆ ಹಾಲು ಹೆಪ್ಪುಗಟ್ಟಿಸಲು ಕರುವಿನ ಜಠರದ ರೆನೆಟ್ ಬಳಸುತ್ತಾರೆ. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ನೋಡಿ ಕೊಳ್ಳಿ.

ನೀಸ್ ಊರಿನ ಪಿಸ್ಸಲಾದಿಯೇರ್ ಕೂಡ ಈರುಳ್ಳಿಯದೇ, ಆದರೆ ಅದಕ್ಕೆ ಆಂಚೊವಿ ಮೀನು ಬೇಕು, ತಳವೂ ಸಾಮಾನ್ಯವಾಗಿ ಬ್ರೆಡ್ಡಿನ ಹಿಟ್ಟು.

ಪಾತ್ ಸುಕ್ರೇ ಹೇಗೆ?

250 ಗ್ರಾಂ ಮೈದಾ, 125 ಗ್ರಾಂ ಮೆತ್ತಗಿನ ಬೆಣ್ಣೆ, 90 ಗ್ರಾಂ ಜರಡಿ ಹಿಡಿದ ಸಕ್ಕರೆ ಪುಡಿ, 30 ಗ್ರಾಂ ಬಾದಾಮಿ ಪುಡಿ, ಚಿಟಿಕೆ ಉಪ್ಪು, ಒಂದು ಮೊಟ್ಟೆ. 22 ಸೆಂ.ಮೀ.ನ ಎರಡು ತಳ ಆಗುತ್ತದೆ. ಬೆಣ್ಣೆ, ಸಕ್ಕರೆಯನ್ನು ಮರದ ಸೌಟಿನಲ್ಲಿ ಬೆರೆಸಿ. ಬೀಟರ್ ಹಾಕಿ ನೊರೆ ಬರಿಸಿದರೆ ತಳ ಉಬ್ಬಿ ಅಂಚಿನ ಗೆರೆ ಅಳಿಸಿಹೋಗುತ್ತದೆ. ಬಾದಾಮಿ, ಮೊಟ್ಟೆ, ಕೊನೆಗೆ ಮೈದಾ. ಕೂಡಿಬಂದೊಡನೆ ನಿಲ್ಲಿಸಿ, ಎರಡು ಗಂಟೆ ಫ್ರಿಜ್ಜು, 170 ಡಿಗ್ರಿಯಲ್ಲಿ ಖಾಲಿ ಬೇಯಿಸಿ. ಸಕ್ಕರೆ ಬೇಗ ಕಪ್ಪಾಗುವುದರಿಂದ ಬ್ರಿಸೇಗಿಂತ ಶಾಖ ಕಡಿಮೆ. ಬಾದಾಮಿಯನ್ನು ಮನೆಯಲ್ಲೇ ಪುಡಿಮಾಡುವುದಾದರೆ ಮೊದಲು ಫ್ರೀಜರಿನಲ್ಲಿಟ್ಟು, ಒಂದು ಚಮಚ ಸಕ್ಕರೆ ಸೇರಿಸಿ ಮಿಕ್ಸಿ ಮಾಡಿ, ಇಲ್ಲದಿದ್ದರೆ ಎಣ್ಣೆ ಬಿಡುತ್ತದೆ.

ನಿಂಬೆ ಟಾರ್ಟ್ ನಮ್ಮ ಸಣ್ಣ ನಿಂಬೆಹಣ್ಣಿನಲ್ಲಿ ಆಗುತ್ತದೆಯೇ?

ಆಗುತ್ತದೆ, ಅಳತೆ ಬದಲಿಸಬೇಕು. ಫ್ರೆಂಚ್ ಪಾಕವಿಧಾನಗಳು ದಪ್ಪ ಸಿಪ್ಪೆಯ ದೊಡ್ಡ ಹಳದಿ ನಿಂಬೆಯನ್ನು ಲೆಕ್ಕ ಹಿಡಿದಿರುತ್ತವೆ. ನಮ್ಮದು ಹೆಚ್ಚು ಹುಳಿ, ಸಿಪ್ಪೆ ತೆಳು, ಕಹಿಯೂ ಬೇಗ ಬಿಡುತ್ತದೆ. 22 ಸೆಂ.ಮೀ. ಅಚ್ಚಿಗೆ 90 ಮಿ.ಲೀ. ರಸಕ್ಕೆ 30 ಮಿ.ಲೀ. ನೀರು, 140 ಗ್ರಾಂ ಸಕ್ಕರೆ, 3 ಮೊಟ್ಟೆ, 110 ಗ್ರಾಂ ಬೆಣ್ಣೆ ತೆಗೆದುಕೊಳ್ಳಿ. ಎರಡು ಹಣ್ಣಿನ ಸಿಪ್ಪೆಯ ಬಣ್ಣದ ಪದರವನ್ನಷ್ಟೇ ತುರಿಯಿರಿ. ಬೆಣ್ಣೆ ಬಿಟ್ಟು ಉಳಿದದ್ದನ್ನು ಬಿಸಿನೀರಿನ ಪಾತ್ರೆಯ ಮೇಲೆ ಕಲಕುತ್ತಾ 82 ಡಿಗ್ರಿಗೆ ತನ್ನಿ. ಥರ್ಮಾಮೀಟರ್ ಇಲ್ಲದವರು ಸೌಟಿನ ಹಿಂಬದಿ ಬೆರಳೆಳೆದು ನೋಡಿ, ಗೆರೆ ಕೂಡಿಕೊಳ್ಳದೆ ನಿಲ್ಲಬೇಕು. ಸೋಸಿ, ಉಗುರುಬೆಚ್ಚಗೆ ಸುಮಾರು 45 ಡಿಗ್ರಿಗೆ ಆರಿದ ಮೇಲೆ ಬೆಣ್ಣೆ ಸೇರಿಸಿ ಬ್ಲೆಂಡರಿನಲ್ಲಿ ಎರಡು ನಿಮಿಷ ತಿರುಗಿಸಿ. ಸುಡುವಾಗಲೇ ಬೆಣ್ಣೆ ಹಾಕಿದರೆ ಕರಗಿ ಎಣ್ಣೆಯಾಗುತ್ತದೆ, ನಯ ಬರದು. ಅಲ್ಯೂಮಿನಿಯಂ, ಕಲಾಯಿ ಇಲ್ಲದ ಹಿತ್ತಾಳೆ ಎರಡೂ ಬೇಡ, ಸ್ಟೀಲ್ ಪಾತ್ರೆಯೇ ಇರಲಿ.

ಹಣ್ಣಿನ ಟಾರ್ಟ್‌ನ ಕ್ರೆಮ್ ಪಾಟಿಸಿಯೇರ್ (ಹಾಲು-ಮೊಟ್ಟೆಯ ದಪ್ಪ ಕ್ರೀಮ್) ಒಂದು ಗಂಟೆಯಲ್ಲೇ ನೀರಾಯಿತು. ಏಕೆ?

ಕುದಿಸಿಲ್ಲ. ಮೊಟ್ಟೆಯ ಹಳದಿಯಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವವೊಂದಿದೆ, ಅದು ಚೆನ್ನಾಗಿ ಕುದ್ದರೆ ಮಾತ್ರ ಸಾಯುತ್ತದೆ. ದಪ್ಪವಾಯಿತೆಂದು ಇಳಿಸಬೇಡಿ, ಮೊದಲ ಗುಳ್ಳೆ ಬಂದ ಮೇಲೆ ಕೈಬಿಡದೆ ತಿರುವುತ್ತಾ ಪೂರ್ತಿ ಒಂದೂವರೆ ನಿಮಿಷ ಕುದಿಸಿ. 500 ಮಿ.ಲೀ. ಹಾಲು, 4 ಹಳದಿ, 100 ಗ್ರಾಂ ಸಕ್ಕರೆ, 45 ಗ್ರಾಂ ಕಾರ್ನ್‌ಫ್ಲೋರ್, ವೆನಿಲ್ಲಾ. ಇಳಿಸಿದ ಮೇಲೆ 40 ಗ್ರಾಂ ಬೆಣ್ಣೆ. ಮೆಕ್ಕೆಜೋಳದ ಪಿಷ್ಟ ಇರುವುದರಿಂದ ಕುದಿಸಿದರೂ ಮೊಟ್ಟೆ ಒಡೆಯುವುದಿಲ್ಲ, ಹೆದರಬೇಡಿ. ಆರುವಾಗ ಕೆನೆಗಟ್ಟದಂತೆ ಪ್ಲಾಸ್ಟಿಕ್ ಹಾಳೆಯನ್ನು ಕ್ರೀಮಿಗೇ ತಾಗಿಸಿ ಮುಚ್ಚಿ.

ಅನಾನಸ್, ಪಪ್ಪಾಯಿಯನ್ನು ಹಸಿಯಾಗಿ ಇದರ ಮೇಲೆ ಇಡಬೇಡಿ. ಅವುಗಳ ಕಿಣ್ವ ಹಾಲಿನ ಪ್ರೋಟೀನನ್ನು ಒಡೆದು ಕಹಿ ಮಾಡುತ್ತದೆ. ಸಕ್ಕರೆ ಪಾಕದಲ್ಲಿ ಕುದಿಸಿ ಆರಿಸಿದರೆ ತೊಂದರೆಯಿಲ್ಲ. ಸ್ಟ್ರಾಬೆರಿ, ಮಾವು ಹಸಿಯಾಗೇ ಚೆನ್ನ.

ತಾರ್ತ್ ತಾತಾಂ ತಲೆಕೆಳಗು ಮಾಡಿದಾಗ ಸೇಬು ಮುದ್ದೆ, ಪಾಕ ನೀರು. ಏನು ತಪ್ಪಾಯಿತು?

ಸೇಬಿನ ಜಾತಿ. ಕೆಂಪು ಡೆಲಿಷಸ್ ಬೆಂದರೆ ಕರಗುತ್ತದೆ, ಹುಳಿಯೂ ಸಾಲದು. ಹಳದಿ ಗೋಲ್ಡನ್ ಅಥವಾ ಹಸಿರು ಗ್ರಾನಿ ಸ್ಮಿತ್ ತನ್ನಿ. ಸೇಬನ್ನು ಅಡಿಯಲ್ಲಿಟ್ಟು ಬೇಯಿಸಿ ಮಗುಚುವ ಈ ಟಾರ್ಟ್ ಸೊಲೋಞ್ ಪ್ರದೇಶದ ಲಾಮೋತ್-ಬೆವ್ರೋಂ ಊರಿನಲ್ಲಿ ಹೋಟೆಲ್ ನಡೆಸುತ್ತಿದ್ದ ಸ್ಟೆಫನಿ, ಕ್ಯಾರೊಲಿನ್ ತಾತಾಂ ಸಹೋದರಿಯರ ಹೆಸರಿನದು. ಮರೆತು ಉಲ್ಟಾ ಇಟ್ಟದ್ದರಿಂದ ಹುಟ್ಟಿತೆಂಬುದು ದಂತಕಥೆ.

ದಪ್ಪ ತಳದ, ಓವನ್ನಿಗೆ ಹೋಗುವ 24 ಸೆಂ.ಮೀ. ಬಾಣಲೆಯಲ್ಲಿ 120 ಗ್ರಾಂ ಸಕ್ಕರೆಯನ್ನು ನೀರಿಲ್ಲದೆ ಕರಗಿಸಿ, ಜೇನಿನ ಗಾಢ ಬಣ್ಣಕ್ಕೆ ಬಂದಾಗ 70 ಗ್ರಾಂ ಬೆಣ್ಣೆ ಹಾಕಿ. ಸಿಪ್ಪೆ, ಬೀಜ ತೆಗೆದು ನಾಲ್ಕು ಭಾಗ ಮಾಡಿದ 1.4 ಕಿಲೋ ಸೇಬನ್ನು ಒತ್ತೊತ್ತಾಗಿ ನಿಲ್ಲಿಸಿ. ಬೆಂದಾಗ ಕುಗ್ಗುವುದರಿಂದ ಜಾಗ ಬಿಟ್ಟರೆ ಕೊನೆಗೆ ಸೇಬಿನ ನಡುವೆ ಹೊಂಡ ಉಳಿಯುತ್ತದೆ. ಒಲೆಯ ಮೇಲೆ 20 ನಿಮಿಷ, ರಸ ಇಂಗಿ ಪಾಕ ದಪ್ಪ ಗುಳ್ಳೆ ಹೊಡೆಯುವವರೆಗೆ ಬೇಯಿಸಿ. ಈ ಹಂತ ಹಾರಿಸಿದರೇ ಪಾಕ ನೀರಾಗುವುದು. ಹದಿನೈದು ನಿಮಿಷ ಆರಿಸಿ, ತಣ್ಣಗಿನ ಬ್ರಿಸೇ ಬಿಲ್ಲೆ ಹೊದಿಸಿ, ಅಂಚನ್ನು ಒಳಕ್ಕೆ ಸಿಕ್ಕಿಸಿ, ನಡುವೆ ತೂತು ಮಾಡಿ, 200 ಡಿಗ್ರಿಯಲ್ಲಿ 30 ನಿಮಿಷ. ತೆಗೆದು 10-15 ನಿಮಿಷಕ್ಕೆ ಮಗುಚಿ. ಪೂರ್ತಿ ಆರಿ ಅಂಟಿಕೊಂಡಿದ್ದರೆ ಒಲೆಯ ಮೇಲೆ ಒಂದು ನಿಮಿಷ ಬಿಸಿಮಾಡಿ ಮಗುಚಿ. ಕಾದ ಪಾಕ ಚರ್ಮಕ್ಕೆ ಅಂಟಿ ಸುಡುತ್ತದೆ, ಕೈಗೆ ಉದ್ದ ತೋಳಿನ ಗವಸು ಇರಲಿ.

ಮೊಟ್ಟೆ ಇಲ್ಲದೆ?

ಮೊಟ್ಟೆಯ ಪಾಕವಿಧಾನವನ್ನು ತಿರುಚುವುದಕ್ಕಿಂತ, ಮೊದಲಿನಿಂದಲೂ ಮೊಟ್ಟೆಯಿಲ್ಲದವನ್ನೇ ಆರಿಸಿಕೊಳ್ಳಿ. ಮೇಲೆ ಹೇಳಿದ ಬ್ರಿಸೇ, ಟೊಮೆಟೊ ಟಾರ್ಟ್, ತಾತಾಂ ಮೂರಕ್ಕೂ ಮೊಟ್ಟೆ ಬೇಡ. ಪೊರೆಗೆಂದು ಸವರುವ ಮೊಟ್ಟೆಯನ್ನೂ ಬಿಡಬಹುದು. ತೆಳು ಸೇಬಿನ ಟಾರ್ಟ್ ಕೂಡ ಹಾಗೆಯೇ: ತಳದ ಮೇಲೆ ಸೇಬಿನ ಗಟ್ಟಿ ಗೊಜ್ಜು, ಮೇಲೆ 2 ಮಿ.ಮೀ. ತೆಳು ಬಿಲ್ಲೆಗಳು, 30 ಗ್ರಾಂ ಬೆಣ್ಣೆ, 30 ಗ್ರಾಂ ಸಕ್ಕರೆ, 200 ಡಿಗ್ರಿಯಲ್ಲಿ 35 ನಿಮಿಷ. ಕ್ರೀಮಿಗೆ ಹಳದಿ ಬಿಟ್ಟು ಕಾರ್ನ್‌ಫ್ಲೋರ್ 50 ಗ್ರಾಂ, ಬೆಣ್ಣೆ 60 ಗ್ರಾಂ ಮಾಡಿದರೆ ನಿಲ್ಲುತ್ತದೆ. ಕೀಶ್ ಮಾತ್ರ ಮೊಟ್ಟೆಯಿಲ್ಲದೆ ಕೀಶ್ ಆಗದು.

ನನ್ನ ಅಚ್ಚು 20 ಸೆಂ.ಮೀ., ಪಾಕವಿಧಾನ 24ಕ್ಕಿದೆ. ಎಷ್ಟು ತಗ್ಗಿಸಲಿ?

ಅಡ್ಡಳತೆಯಲ್ಲ, ವಿಸ್ತೀರ್ಣ ನೋಡಬೇಕು. 20×20 ಅನ್ನು 24×24ರಿಂದ ಭಾಗಿಸಿದರೆ ಸುಮಾರು 0.7. ಎಲ್ಲವನ್ನೂ ಆ ಲೆಕ್ಕಕ್ಕೆ ತನ್ನಿ. ಅಂಚಿನ ಎತ್ತರ ಅಷ್ಟೇ ಇದ್ದರೆ ಹೊತ್ತು ಐದು ನಿಮಿಷ ಕಡಿಮೆಯಾದೀತು, ಅಷ್ಟೇ.

ಎಷ್ಟು ದಿನ ಇಡಬಹುದು?

ಹಸಿ ಹಿಟ್ಟು ಫ್ರಿಜ್ಜಿನಲ್ಲಿ ಎರಡು ದಿನ, ಫ್ರೀಜರಿನಲ್ಲಿ ಒಂದು ತಿಂಗಳು. ಅಚ್ಚಿಗೆ ಹಾಸಿ ಫ್ರೀಜ್ ಮಾಡಿಟ್ಟರೆ ಕರಗಿಸದೆ ನೇರ ಓವನ್ನಿಗೆ ಹಾಕಬಹುದು. ಬೆಂದ ಖಾಲಿ ತಳ ಗಾಳಿಯಾಡದ ಡಬ್ಬಿಯಲ್ಲಿ ಎರಡು ದಿನ ತಡೆಯುತ್ತದೆ. ಮಳೆಗಾಲದಲ್ಲಿ ಅದೂ ಮೆತ್ತಗಾಗುತ್ತದೆ, ತುಂಬುವ ಮೊದಲು 160 ಡಿಗ್ರಿಯಲ್ಲಿ ಆರು ನಿಮಿಷ ಬಿಸಿಮಾಡಿ ಆರಿಸಿ. ಕ್ರೀಮ್ ಹಾಕಿದ ಹಣ್ಣಿನ ಟಾರ್ಟ್ ಅಂದಂದಿಗೇ ಮುಗಿಯಬೇಕು. ಕೀಶ್ ಫ್ರಿಜ್ಜಿನಲ್ಲಿ ಎರಡು ದಿನ ಇರುತ್ತದೆ, ಬಿಸಿಮಾಡಲು ಮೈಕ್ರೋವೇವ್ ಬೇಡ. 160 ಡಿಗ್ರಿ ಓವನ್ನಿನಲ್ಲಿ 15 ನಿಮಿಷ, ಓವನ್ ಇಲ್ಲದಿದ್ದರೆ ದಪ್ಪ ತವಾದ ಮೇಲೆ ಸಣ್ಣ ಉರಿಯಲ್ಲಿ, ಮುಚ್ಚದೆ.